ಬಂದೂಕಿಗೂ ಮೊದಲು ಹೆಜ್ಜೆ ಗುರುತು

ನರಿ ಕಾಟ ತಡೆಯೋಕಾಗ್ತಿಲ್ಲ, ಬಂದೂಕು ತಗೊಳ್ಳಬೇಕು, ಯಾವುದು ಒಳ್ಳೇದು ಅಂತ ಊರೆಲ್ಲ ವಿಚಾರಿಸ್ತಿದ್ದೀಯಂತೆ. ಸಾಲ ಮಾಡಿ ಬೆಳೆದ ಬೆಳೆ ಒಂದೇ ರಾತ್ರಿಯಲ್ಲಿ ಹಾಳಾದರೆ ಎಂಥವನಿಗೂ ರಕ್ತ ಕುದಿಯುತ್ತದೆ. ನಿನ್ನ ಸಿಟ್ಟನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಅಂಗಡಿಗೆ ಹೋಗುವ ಮುಂಚೆ ಬೆಳಕು ಹರಿಯುವ ಹೊತ್ತಿಗೆ ಹೊಲಕ್ಕೆ ಹೋಗಿ, ಕೂತು ನೆಲ ನೋಡು.

ಕಡಲೆಕಾಯಿ ಸಾಲು ಉತ್ತಂತೆ ಮಗುಚಿ ಬಿದ್ದಿದ್ದರೆ ಅದು ಹಂದಿ. ಒದ್ದೆ ಮಣ್ಣಿನಲ್ಲಿ ಎರಡು ಗೊರಸು, ಅವುಗಳ ಹಿಂದೆ ಎರಡು ಚಿಕ್ಕ ಚುಕ್ಕೆ ಕಂಡರೆ ಅನುಮಾನವೇ ಬೇಡ. ನಾಯಿಯದಕ್ಕಿಂತ ಕಿರಿದಾದ ಪಂಜ, ಪಕ್ಕದಲ್ಲೇ ಕಚ್ಚಿದ ಡ್ರಿಪ್ ಪೈಪು ಇದ್ದರೆ ನರಿ ನೀರಿಗೆ ಬಂದಿರಬಹುದು. ಕುರಿದೊಡ್ಡಿಯಲ್ಲಿ ನಾಲ್ಕಾರು ಕುರಿಗಳ ತೊಡೆ, ಬಾಲ ಹರಿದು, ತಿನ್ನದೆ ಬಿಟ್ಟು ಹೋಗಿದ್ದರೆ ಅದು ಹೆಚ್ಚಾಗಿ ಬೀದಿನಾಯಿಗಳ ಕೆಲಸ. ನರಿ ಸಾಮಾನ್ಯವಾಗಿ ಒಂದು ಮರಿಯನ್ನೋ ಕೋಳಿಯನ್ನೋ ಎತ್ತಿಕೊಂಡು ಹೋಗುತ್ತದೆ. ಗೌರಿಬಿದನೂರಿನ ಮುಸುಕಿನ ಜೋಳದ ಹೊಲಗಳಲ್ಲೂ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳಲ್ಲೂ ನಾನು ನೋಡಿರುವುದು ಇದನ್ನೇ: ಹಂದಿ, ನಾಯಿ ಮಾಡಿದ್ದನ್ನೂ ನರಿಯ ತಲೆಗೆ ಕಟ್ಟುತ್ತಾರೆ.

ನರಿ ನಮ್ಮಲ್ಲಿ ಎರಡು ಬಗೆ. ಸಂಜೆಯಾದರೆ ಊಳಿಡುವುದು ಒಂದು, ಬಾಲದ ತುದಿ ಕಪ್ಪಗಿರುವ ಸಣ್ಣದು ಇನ್ನೊಂದು. ಎರಡೂ ಇಲಿ, ಹೆಗ್ಗಣ ಹಿಡಿದು ತಿನ್ನುವಂಥವು. ಬೆಳಗಾಗೆದ್ದು ನರಿ ಮುಖ ನೋಡಿದರೆ ಅದೃಷ್ಟ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಕಾನೂನು ಕೂಡ ಈಗ ಅವುಗಳ ಕಡೆಗೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಎರಡೂ ಹುಲಿ, ಚಿರತೆ ಇರುವ ಮೊದಲನೇ ಅನುಸೂಚಿಯಲ್ಲೇ ಇವೆ. ಹೊಡೆದರೆ ಕನಿಷ್ಠ ಮೂರು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಹಾಗಾಗಿ ನರಿಗೆ ಅಂತ ಬಂದೂಕು ಆರಿಸುವ ಮಾತೇ ಇಲ್ಲ.

ಅಮೆರಿಕದಲ್ಲಿರುವ ನಿನ್ನ ಚಿಕ್ಕಪ್ಪನ ಮಗ ಅಲ್ಲಿನ ಕಯೋಟಿ ಎಂಬ ನರಿಯಂಥ ಪ್ರಾಣಿಯ ಬೇಟೆಯ ವಿಡಿಯೋ ಕಳಿಸಿದ ಅಂದೆ. ಆ ದೇಶದಲ್ಲಿ ನೂರು ವರ್ಷಕ್ಕೂ ಮೀರಿ ಅದನ್ನು ಗುಂಡಿಟ್ಟು, ವಿಷವಿಟ್ಟು, ಬೋನಿಟ್ಟು ಕೊಂದರು. ಅದು ಕಡಿಮೆಯಾಗುವ ಬದಲು ಮೊದಲು ಇಲ್ಲದ ಕಡೆಗೂ ಹಬ್ಬಿತು. ವಿಡಿಯೋದಲ್ಲಿ ಇದನ್ನು ಹೇಳಿರಲಾರರು.

ಇನ್ನು ಹಂದಿಯ ವಿಷಯ. ಅದು ನಿಜವಾದ ಕಷ್ಟ, ಒಪ್ಪುತ್ತೇನೆ. ಬೆಳೆ ರಕ್ಷಣೆಗೆ ಬಂದೂಕು ಬೇಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯೇ ಬೆಳೆ ಕಾಯಲು ಸಾಕು ಅನ್ನಿಸಿದರೆ ಅದಕ್ಕೇ ಲೈಸೆನ್ಸ್ ಕೊಡಬಹುದು ಅಂತ ಕಾಯ್ದೆಯಲ್ಲೇ ಇದೆ. ನೀನು ಕನಸು ಕಾಣುವ ರೈಫಲ್ ಅಲ್ಲ. ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಬೇಕಾಗಬಹುದು. ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕೂ ಬರುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆಯೇ ಬೇಕು.

ನನ್ನ ಭಯ ಕಾನೂನಿನದ್ದಕ್ಕಿಂತ ಹೆಚ್ಚಾಗಿ ಕತ್ತಲೆಯದು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ಬರುವುದೇ ರಾತ್ರಿ. ಒಂದು ಗಂಟೆಗೆ ಮೋಟಾರು ಹಾಕಲು ಪಕ್ಕದ ಹೊಲದವನು ಟಾರ್ಚೂ ಇಲ್ಲದೆ ಬದುವಿನ ಮೇಲೆ ಬರುತ್ತಾನೆ, ನೀರು ತಿರುಗಿಸಲು ಬಗ್ಗಿ ಕೂರುತ್ತಾನೆ. ಆಳೆತ್ತರದ ಜೋಳದೊಳಗೆ ಸರಸರ ಅಂದದ್ದು ಹಂದಿಯೋ ಅವನೋ ಅಂತ ಯಾವ ಬಂದೂಕೂ ಹೇಳುವುದಿಲ್ಲ. ಟಾರ್ಚಿಗೆ ಹೊಳೆದ ಕಣ್ಣು ಯಾವುದರದ್ದು ಅಂತಲೂ ತಿಳಿಯದು. ಗೌರಿಬಿದನೂರಿನ ಗಡಿ ದಾಟಿದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ, ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ; ಆ ಕಣ್ಣು ಅವುಗಳದ್ದೂ ಇರಬಹುದು. ಗುರಿ ಯಾವುದು, ಗುರಿಯ ಆಚೆ ಏನಿದೆ, ಈ ಎರಡೂ ಕಾಣದಿದ್ದರೆ ಬೆರಳು ಬಂದೂಕಿನ ಕುದುರೆಯ ಹತ್ತಿರ ಹೋಗಬಾರದು.

ಲೈಸೆನ್ಸ್ ಬೇಡದ ಏರ್‌ಗನ್ನಾದರೂ ಇರಲಿ ಅಂತ ಚಿಂತಾಮಣಿಯ ನಿನ್ನ ಗೆಳೆಯರು ಹೇಳಿದರಂತೆ. ಅದರಿಂದ ಗೌಜಲಹಕ್ಕಿ, ಮೊಲ ಹೊಡೆದರೂ ಕಾನೂನಿನ ಕಣ್ಣಿಗೆ ಅದು ಬೇಟೆಯೇ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಜನ ತಾವಾಗಿಯೇ ಏರ್‌ಗನ್ ಒಪ್ಪಿಸುವ ಅಭಿಯಾನ ನಡೆಯಿತು. ಹಕ್ಕಿಗಳೇ ಇಲ್ಲದಂತಾಗುವ ಭಯ ಅವರಿಗೆ ಬಂದಿತ್ತು.

ಏರ್‌ಗನ್ನಿನ ಚರೆ ಸಾಮಾನ್ಯವಾಗಿ ಸೀಸದ್ದು. ಕೋವಿಯ ಚರೆ, ಗುಂಡು ಕೂಡ ಹಾಗೆಯೇ. ರೈಫಲ್ಲಿನ ಸೀಸದ ಗುಂಡು ಮೂಳೆಗೆ ಬಡಿದರೆ ಕಣ್ಣಿಗೆ ಕಾಣದ ಚೂರುಗಳಾಗಿ ಗಾಯದ ಸುತ್ತ ಗೇಣುದ್ದ ಹರಡುತ್ತದೆ. ಆ ಮಾಂಸ ತಿಂದ ಮಕ್ಕಳ ಮೈಗೂ, ಕರುಳು ಎಳೆದ ನಾಯಿ, ಹದ್ದುಗಳ ಮೈಗೂ ಸೀಸ ಸೇರುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳಲ್ಲಿ ಹಲವು ಹೀಗೇ ಸತ್ತವು. 1987ರಲ್ಲಿ ಉಳಿದಿದ್ದದ್ದು 27 ಮಾತ್ರ. 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಬದಲಿಗೆ ಬಂದ ತಾಮ್ರದ ಗುಂಡು ತುದಿ ಅರಳಿದರೂ ಹೆಚ್ಚುಕಡಿಮೆ ಇಡಿಯಾಗಿ ಉಳಿಯುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗಬೇಕು, ಉದ್ದ ಗುಂಡನ್ನು ನೆಟ್ಟಗೆ ಕಳಿಸಲು ನಳಿಗೆಯೊಳಗಿನ ಸುರುಳಿ ಬಿಗಿಯಾಗಿರಬೇಕು. ಅಲ್ಲಿ ಬಂದೂಕು ಆರಿಸುವವರು ಇದನ್ನೇ ಮೊದಲು ಕೇಳುತ್ತಾರೆ. ಇಲ್ಲಿ ಯಾರಾದರೂ ಸೀಸ ಬೇಡವೆಂದು ತಾತನ ಕಾಲದ ಜೋಡಿ ನಳಿಗೆಗೆ ಉಕ್ಕಿನ ಚರೆ ತುಂಬು ಅಂದರೆ ಕೇಳಬೇಡ. ಹಳೇ ನಳಿಗೆಯನ್ನು ಅದು ಹಾಳುಮಾಡಬಹುದು.

ಉರುಳು, ತಂತಿಗೆ ನೇರ ಕರೆಂಟು, ಸಿಡಿಮದ್ದಿನ ಉಂಡೆ, ಇವುಗಳ ಹತ್ತಿರವೂ ಸುಳಿಯಬೇಡ. ಹಂದಿಗೆಂದು ಇಟ್ಟ ಉಂಡೆ ಕಚ್ಚಿದ ಹಸುವನ್ನು ನಾನು ನೋಡಿದ್ದೇನೆ. ಕೆಳದವಡೆ ಜೋತುಬಿದ್ದಿತ್ತು, ಮುಂದೆ ಹುಲ್ಲು ಹಿಡಿದರೆ ಮೂಸುತ್ತಿತ್ತು, ತಿನ್ನಲಾಗುತ್ತಿರಲಿಲ್ಲ.

ಬಂದೂಕಿಗೆ ಕೂಡಿಟ್ಟ ದುಡ್ಡಿನಲ್ಲಿ ಕುರಿದೊಡ್ಡಿಗೆ ಎದೆಯೆತ್ತರದ ಬಿಗಿಯಾದ ಜಾಲರಿ ಹಾಕಿಸು, ಬುಡದಲ್ಲಿ ಒಂದಡಿ ನೆಲದೊಳಗೆ ಇಳಿಸು. ನರಿಯೂ ನಾಯಿಯೂ ತೋಡಿ ಬರುವುದು ಅಲ್ಲಿಂದಲೇ. ಹಂದಿಗೆ ಸೋಲಾರ್ ಬೇಲಿ ಒಳ್ಳೆಯದು, ಆದರೆ ಒಬ್ಬನೇ ಹಾಕಿದರೆ ಹಂದಿ ಪಕ್ಕದ ಹೊಲಕ್ಕೆ ನುಗ್ಗುತ್ತದೆ, ಅಕ್ಕಪಕ್ಕದ ನಾಲ್ಕು ಜನ ಸೇರಿ ಹಾಕಿ. ತಂತಿಯ ಕೆಳಗೆ ಹುಲ್ಲು ಬೆಳೆಯಲು ಬಿಟ್ಟರೆ ಕರೆಂಟು ನೆಲಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಸವರಬೇಕು. ಹಾಳಾದ ಬೆಳೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ನಾಳೆ ಬೆಳಿಗ್ಗೆ ಹೆಜ್ಜೆ ಗುರುತಿನ ಪಕ್ಕ ಅಳತೆಗೆ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗಿ, ಹೊಲ ಉಳುವ ಮುಂಚೆಯೇ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸು, ಪಹಣಿ ಜೊತೆಗಿಟ್ಟುಕೊಂಡು ಹೋಗು. ಬೇಕಾದರೆ ನಾನೂ ಬರುತ್ತೇನೆ.