ಶೇಂಗಾಕ್ಕೆ ಬೂಷ್ಟು ಬಂದರೆ

ಮಳೆಗಾಲದಲ್ಲಿ ರೊಟ್ಟಿ ಎರಡು ದಿನ ಇಟ್ಟರೆ ಬೂಷ್ಟು ಬರುತ್ತದೆ. ಉಪ್ಪಿನಕಾಯಿ ಮೇಲೆ ಬರುತ್ತದೆ. ಚಪ್ಪಲಿ ಮೇಲೂ ಬರುತ್ತದೆ. ಈ ಬೂಷ್ಟು ಅಂದರೆ ಏನು?

ಬೂಷ್ಟಿಗೂ ಜೀವ ಇದೆ. ಅಣಬೆ, ಬೂಷ್ಟು ಎರಡೂ ಒಂದೇ ಕುಲ. ಆ ಕುಲದ ಹೆಸರು ಶಿಲೀಂಧ್ರ. ಓದಲು ಕಷ್ಟದ ಪದ. ಬಿಡಿಸಿ ಓದೋಣ: ಶಿ-ಲೀಂ-ಧ್ರ.

ಗಿಡಕ್ಕೆ ಹಸಿರು ಎಲೆ ಇದೆ. ಬಿಸಿಲಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ಬೂಷ್ಟಿಗೆ ಎಲೆ ಇಲ್ಲ. ಯಾವುದರ ಮೇಲೆ ಕೂತಿತೋ ಅದನ್ನೇ ತಿನ್ನುತ್ತದೆ. ಅದರ ಕಣಗಳು ಗಾಳಿಯಲ್ಲಿ, ಮಣ್ಣಿನಲ್ಲಿ ಇರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ತೇವ ಸಿಕ್ಕರೆ ಮೊಳೆತು, ಸಣ್ಣ ದಾರದ ಹಾಗೆ ಒಳಗೆ ಇಳಿಯುತ್ತವೆ. ಅದಕ್ಕೇ ಮೇಲೆ ಒರೆಸಿದರೆ ಹೋಯಿತು ಅನ್ನೋ ಹಂಗಿಲ್ಲ.

ಎಲ್ಲಾ ಬೂಷ್ಟೂ ಕೆಟ್ಟದ್ದಲ್ಲ. ಪೆನ್ಸಿಲಿನ್ ಔಷಧಿ ಸಿಕ್ಕಿದ್ದು ಬೂಷ್ಟಿನಿಂದಲೇ. ಆದರೆ ಶೇಂಗಾದ ಮೇಲೆ ಹಳದಿ-ಹಸಿರು ಬಣ್ಣದ ಒಂದು ಬೂಷ್ಟು ಬರುತ್ತದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವು ತಿಂದದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ನಮ್ಮ ದೇಶದಲ್ಲೂ ಆಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದರು. ಕಾಮಾಲೆ ಬಂತು, ಹೊಟ್ಟೆ ಊದಿತು. ನೂರಕ್ಕೂ ಹೆಚ್ಚು ಜನ ಸತ್ತರು. ಈ ವಿಷ ಕೆಡಿಸುವುದು ಲಿವರನ್ನು. ಸ್ವಲ್ಪ ಸ್ವಲ್ಪವೇ ಬಹಳ ವರ್ಷ ಒಳಗೆ ಹೋದರೆ ಲಿವರಿನ ಕ್ಯಾನ್ಸರ್ ಬರಬಹುದು.

“ಹುರಿದರೆ ಹೋಗಲ್ವೇನಕ್ಕಾ?” ಬೂಷ್ಟು ಸಾಯುತ್ತದೆ. ವಿಷ ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಬೂಷ್ಟು ಬಾರದ ಹಾಗೆ ನೋಡಿಕೊಳ್ಳಬೇಕು. ಕಾಯಿಯನ್ನು ಕಣದಲ್ಲಿ ತೆಳ್ಳಗೆ ಹರಡಿ ಒಣಗಿಸೋಣ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲೆ ಇಡೋಣ. ಸುಲಿಯೋದು ಸುಲಭ ಅಂತ ಕೆಲವರು ಕಾಯಿಗೆ ನೀರು ಚಿಮುಕಿಸುತ್ತಾರೆ. ಅದು ಬೂಷ್ಟನ್ನು ಊಟಕ್ಕೆ ಕರೆದ ಹಾಗೆ.

ಬೀಜ ಆರಿಸುವ ಕೆಲಸ ನಮ್ಮದೇ. ಸುಕ್ಕಾದದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಬೇರೆ ತೆಗೀತೀವಿ. ಬಿಸಾಡೋಕೆ ಮನಸ್ಸು ಬರೋದಿಲ್ಲ. ಚಟ್ನಿಪುಡಿಗೆ ಹಾಕ್ತೀವಿ. ಇಲ್ಲಾ, ಹಸುವಿಗೆ ಹಾಕ್ತೀವಿ. ಹಸು ತಿಂದ ವಿಷ ಹಾಲಿನಲ್ಲಿ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಕುಡಿಯೋದು ನಮ್ಮ ಮಕ್ಕಳೇ. ಕೆಟ್ಟ ಬೀಜವನ್ನು ಗುಂಡಿ ತೋಡಿ ಮುಚ್ಚೋಣ. ಕೋಳಿ ಕೆದರದ ಹಾಗೆ ಗುಂಡಿ ಆಳ ಇರಲಿ.