‘ಪೇಷಂಟ್ ವೈಲೆಂಟ್’ ಎಂದಷ್ಟೇ ಬರೆದರೆ ಸಾಲದು

ಕೊಲ್ಹಾಪುರದ ಸಿಪಿಆರ್ ಇರಲಿ, ಇಚಲಕರಂಜಿಯ ಐಜಿಎಂ ಇರಲಿ, ಗಡಹಿಂಗ್ಲಜದ ಉಪಜಿಲ್ಲಾ ದವಾಖಾನೆ ಇರಲಿ, ರಾತ್ರಿ ಪಾಳಿಯಲ್ಲಿ ರೋಗಿಯೊಬ್ಬರು ಕೈಮಾಡಿದರೆ ಮೊದಲ ಕೆಲಸ ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದು. ಅದಾದ ಕೂಡಲೇ ಮಾಡಬೇಕಾದದ್ದು ಬರೆದಿಡುವುದು. ಕೇಸ್ ಪೇಪರಿನಲ್ಲಿ ‘ಪೇಷಂಟ್ ವೈಲೆಂಟ್’ ಎಂಬ ಒಂದೇ ಸಾಲು ಬಿದ್ದರೆ ಮುಂದಿನ ಪಾಳಿಯ ಸಿಸ್ಟರ್‌ಗೆ ಏನೂ ತಿಳಿಯುವುದಿಲ್ಲ, ರೆಕಾರ್ಡ್ ರೂಮಿನಲ್ಲಿ ರೋಗಕ್ಕೆ ಕೋಡ್ ಹಾಕುವ ಕೋಡರ್‌ಗೆ ಕಾರಣ ಸಿಗುವುದಿಲ್ಲ. ರೋಗಿಗೆ ಮಾತ್ರ ಆ ಹಣೆಪಟ್ಟಿ ಅಂಟಿಕೊಳ್ಳುತ್ತದೆ.

ಕಂಡದ್ದನ್ನು ಕಂಡ ಹಾಗೆ

ಮೊದಲು ಸಮಯ ಹಾಕಿ. ಏನು ಮಾಡಿದರು, ಅದಕ್ಕೆ ಮುಂಚೆ ಏನು ನಡೆದಿತ್ತು, ಯಾರಿಗೆ ಎಲ್ಲಿ ಪೆಟ್ಟಾಯಿತು ಎಂದು ಬರೆಯಿರಿ. ಒಂದು ಮಾದರಿ ನೋಡಿ:

‘ರಾತ್ರಿ 2.10. ಸಲಾಯಿನ್ ಸೂಜಿ ಕಿತ್ತು ಹಾಸಿಗೆಯಿಂದ ಇಳಿದರು. ತಡೆಯಲು ಹೋದ ವಾರ್ಡ್‌ಬಾಯ್ ಎಡಗೈಗೆ ಹೊಡೆದರು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಮತ್ತೆ ಮತ್ತೆ ಹೇಳಿದರು. ಮೈ ಬೆವರಿದೆ, ಕೈ ನಡುಗುತ್ತಿದೆ, ನಾಡಿ 124, ಶುಗರ್ 96. ಕುಡಿದು ಮೂರು ದಿನವಾಯಿತು ಎಂದು ಹೆಂಡತಿ ಹೇಳುತ್ತಾರೆ.’

ಇದರಲ್ಲಿ ವೈಲೆಂಟ್ ಎಂಬ ಮಾತೇ ಇಲ್ಲ. ಆದರೂ ಓದಿದ ಡಾಕ್ಟರಿಗೆ, ಇದು ಕುಡಿತ ನಿಂತಾಗ ಬರುವ ಸನ್ನಿ ಇರಬೇಕೆಂಬ ಗುಮಾನಿ ತಟ್ಟನೆ ಬರುತ್ತದೆ. ‘ಸೊಕ್ಕು ಜಾಸ್ತಿ’, ‘ಬೇಕಂತಲೇ ಮಾಡಿದ’ ಎಂಬುವು ಬರೆಯುವವರ ಅಭಿಪ್ರಾಯ, ಅವು ಬೇಡ. ಬೈದಿದ್ದರೆ ಬೈದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಇಡಿ.

ನಮ್ಮ ಗಡಿಭಾಗದಲ್ಲಿ ಇನ್ನೊಂದು ಸಾಲು ಕಡ್ಡಾಯವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ರೋಗಿ ಯಾವ ಭಾಷೆಯಲ್ಲಿ ಮಾತಾಡಿದರು? ನೂಲ, ಹಲಕರ್ಣಿ, ನಿಪ್ಪಾಣಿ, ಸಂಕೇಶ್ವರ ಕಡೆಯಿಂದ ಬರುವ ಅನೇಕರ ಮನೆಮಾತು ಕನ್ನಡ. ಜ್ವರ ತಲೆಗೇರಿದಾಗ, ವಯಸ್ಸಾದವರು ಗಲಿಬಿಲಿಗೊಂಡಾಗ ಬಾಯಿಗೆ ಬರುವುದು ಮನೆಮಾತೇ. ‘ಉಚ್ಚಿ ಬರವಲ್ದು’ ಎಂದು ಒದ್ದಾಡುವ ಮುದುಕರ ಮಾತು ತಿಳಿಯದೆ ‘ಅಸಂಬದ್ಧ ಬಡಬಡಿಕೆ’ ಎಂದು ಬರೆದುಬಿಟ್ಟರೆ, ಮೂತ್ರ ಕಟ್ಟಿದ ಮನುಷ್ಯ ಮನೋರೋಗಿಯಾಗಿ ದಾಖಲಾಗುತ್ತಾರೆ. ಹೆಸರು, ದಿನ, ಊರು ಕೇಳುವ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿಸಿ. ಅರ್ಥ ಹೇಳಿದವರು ಯಾರೆಂಬುದನ್ನೂ ಬರೆಯಿರಿ.

ಕಾರಣದ ಬೆನ್ನು ಹತ್ತಿ

ಶುಗರ್, ಆಕ್ಸಿಜನ್, ಜ್ವರ, ತಲೆಗೆ ಪೆಟ್ಟು, ಸೋಡಿಯಂ, ಕುಡಿತ. ಇಷ್ಟನ್ನು ನೋಡಿದ್ದು ಕೇಸ್ ಪೇಪರಿನಲ್ಲಿ ಕಾಣಬೇಕು. ಹೊಲಕ್ಕೆ ಎಣ್ಣೆ ಹೊಡೆಯುವ ಈ ಸೀಮೆಯಲ್ಲಿ ಮತ್ತೊಂದನ್ನು ಮರೆಯಬಾರದು. ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೊಪಿನ್ ಹೆಚ್ಚಾದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಎದ್ದು ಓಡಲು ನೋಡುತ್ತಾರೆ. ಹಾಗಾಗಿ ಯಾವ ಹೊತ್ತಿಗೆ ಎಷ್ಟು ಅಟ್ರೊಪಿನ್ ಹೋಯಿತು ಎಂಬುದು ಅದೇ ಪುಟದಲ್ಲಿರಲಿ.

ಈಗ ಕೋಡ್

ವಿಶ್ವ ಆರೋಗ್ಯ ಸಂಸ್ಥೆಯ ರೋಗ-ಕೋಡ್ ಪಟ್ಟಿಯಾದ ಐಸಿಡಿ-10ರಲ್ಲಿ ದೈಹಿಕ ಹಿಂಸೆಗೆ ಆರ್45.6, ಚಡಪಡಿಕೆಗೆ ಆರ್45.1 ಇವೆ. ಎರಡೂ ಲಕ್ಷಣದ ಕೋಡ್‌ಗಳು. ಕಾರಣ ಇನ್ನೂ ಗೊತ್ತಾಗದಿದ್ದಾಗ ಇವು ಸರಿ. ಗೊತ್ತಾದ ಮೇಲೆ ಮೊದಲ ಸ್ಥಾನ ಕಾರಣಕ್ಕೆ: ಕುಡಿತ ನಿಂತು ಬಂದ ಸನ್ನಿಗೆ ಎಫ್10.4, ಮದ್ಯ ಮಾದಕ ವಸ್ತುಗಳಿಂದಲ್ಲದ ಸನ್ನಿಗೆ ಎಫ್05, ಶುಗರ್ ಇಳಿದಿದ್ದರೆ ಇ16ರ ಗುಂಪು, ಆರ್ಗನೊಫಾಸ್ಫೇಟ್ ವಿಷಕ್ಕೆ ಟಿ60.0. ಹೊಡೆದಾಟ ಮನೋರೋಗದ ಲಕ್ಷಣಗಳಲ್ಲೇ ಒಂದಾಗಿದ್ದರೆ ಆರ್45 ಸೇರಿಸಕೂಡದು, ಪುಸ್ತಕವೇ ಅದನ್ನು ಹೊರಗಿಟ್ಟಿದೆ. ಅಮೆರಿಕದ ಕಂಪನಿಗಳ ಕೆಲಸಕ್ಕೆಂದು ಕೋಡಿಂಗ್ ಕಲಿತವರು ಇಲ್ಲಿ ಎಚ್ಚರ ವಹಿಸಬೇಕು. ಅವರ ಪುಸ್ತಕದ ಎಫ್10.231ರಂಥ ಉದ್ದ ಕೋಡ್‌ಗಳು ಈ ಪಟ್ಟಿಯಲ್ಲಿಲ್ಲ. ಡಾಕ್ಟರ್ ಬರೆಯದ ಕಾರಣವನ್ನು ಕೋಡರ್ ಊಹಿಸುವಂತಿಲ್ಲ. ಕಾಗದವನ್ನು ವಾರ್ಡಿಗೆ ಮರಳಿಸಿ, ಕೇಳಿ.

ಪೆಟ್ಟು ತಿಂದ ಸಿಬ್ಬಂದಿಗೆ ಬೇರೆಯೇ ಕೇಸ್ ಪೇಪರ್ ಮಾಡಿಸಿ. ಬೇಕೆಂದೇ ಕೈಯಿಂದ ಹೊಡೆದಿದ್ದರೆ ವೈ04. ಆದರೆ ಸನ್ನಿಯಲ್ಲಿದ್ದವರ ಕೈ ತಗುಲಿದ್ದನ್ನು ಹಲ್ಲೆ ಎನ್ನಲಾಗದು, ಅದಕ್ಕೆ ಡಬ್ಲ್ಯು50 ಇದೆ. ಉದ್ದೇಶವಿತ್ತೋ ಇಲ್ಲವೋ ಎಂಬುದನ್ನು ಡಾಕ್ಟರ್ ಬರೆಯಬೇಕು.

ಕಟ್ಟಿಹಾಕಿದರೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರಪಳಿ ಹಾಕುವಂತೆಯೇ ಇಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯ ಮೇಲೆ, ಬೇಕಾದಷ್ಟೇ ಹೊತ್ತು ಕಟ್ಟಬಹುದು. ಹೇಗೆ ಕಟ್ಟಿದ್ದು, ಏಕೆ, ಎಷ್ಟು ಹೊತ್ತು ಎಂದು ಕೂಡಲೇ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಇಂಥ ಎಲ್ಲ ಪ್ರಸಂಗಗಳ ವರದಿ ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ಬಿಗಿದ ಕೈಬೆರಳು ತಣ್ಣಗಾಗಿದೆಯೇ, ನೀರು ಕೊಟ್ಟರೇ ಎಂಬುದನ್ನೂ ಸಮಯದ ಸಮೇತ ಬರೆಯಿರಿ. ರಕ್ತ ಓಡದೆ ಕೈ ಕೆಡುವುದನ್ನು ತಪ್ಪಿಸುವುದು ಆ ಚಿಕ್ಕ ಸಾಲೇ.

ಪೊಲೀಸ್ ದೂರು ಬೇರೆ ಕಾಗದ. ದವಾಖಾನೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಮಹಾರಾಷ್ಟ್ರದಲ್ಲಿ 2010ರ ಕಾಯ್ದೆಯಿದ್ದು, ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ದೂರಿನ ವಾದವನ್ನು ಕೇಸ್ ಪೇಪರಿಗೆ ತುರುಕಬೇಡಿ.

ಮನೆಯವರಿಗೂ ಒಂದು ಮಾತು. ರೋಗಿಯಾಗಲಿ ಅಧಿಕೃತ ಪ್ರತಿನಿಧಿಯಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ವೃತ್ತಿ ನಿಯಮ ಹೇಳುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ವೈಲೆಂಟ್’ ಎಂದಷ್ಟೇ ಇದ್ದರೆ, ಕಾರಣ ಏನೆಂದು ಬರೆದುಕೊಡಿ ಎಂದು ಅಲ್ಲೇ ಕೇಳಿ. ಬೆಳಗಾವಿಗೋ ಧಾರವಾಡಕ್ಕೋ ಮುಂದಿನ ಚಿಕಿತ್ಸೆಗೆ ಹೋದಾಗ ಅಲ್ಲಿನ ಡಾಕ್ಟರ್ ಮೊದಲು ನೋಡುವುದು ಆ ಕಾರ್ಡನ್ನೇ. ಕಾರಣ ಮಾನಸಿಕ ಕಾಯಿಲೆಯಾಗಿದ್ದರೆ ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ಫೋನ್ ಮಾಡಿ, ಕನ್ನಡ ಮರಾಠಿ ಎರಡರಲ್ಲೂ ಮಾತಾಡಬಹುದು.