ಮೊದಲ ಮಹಡಿಗೆ ಯಾವ ಲೇತ್?

ಪ್ರಶ್ನೆ: ಚೆನ್ನೈನ ಬೆಸೆಂಟ್ ನಗರದಲ್ಲಿ ಮೊದಲ ಮಹಡಿಯ ಮನೆ ನಮ್ಮದು. ಪುಟ್ಟ ಉಗಿ ಎಂಜಿನ್ ಮಾದರಿಗಳನ್ನು ಮಾಡುವ ಆಸೆಯಿದೆ. ಅಂಬತ್ತೂರಿನಲ್ಲಿ ನಾಲ್ಕೂವರೆ ಅಡಿಯ ಹಳೆಯ ಲೇತ್ ಅಗ್ಗಕ್ಕೆ ಸಿಗುತ್ತಿದೆ. ಅದನ್ನೇ ತರಲೇ, ಮೇಜಿನ ಮೇಲಿಡುವ ಹೊಸ ಮಿನಿ ಲೇತ್ ಕೊಳ್ಳಲೇ?
– ಓದುಗರೊಬ್ಬರು, ಚೆನ್ನೈ

ಉತ್ತರ: ನಿಮ್ಮ ಮನೆ ನೆಲಮಹಡಿಯಲ್ಲಿದ್ದಿದ್ದರೆ ಹಳೆಯದನ್ನೇ ನೋಡಿ ಬನ್ನಿ ಎನ್ನುತ್ತಿದ್ದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈಗ ಮುಚ್ಚಿದೆ, ಆದರೆ ಅದರ ಲೇತ್‌ಗಳು ಎಷ್ಟೋ ಶೆಡ್‌ಗಳಲ್ಲಿ ಇನ್ನೂ ದುಡಿಯುತ್ತಿವೆ. ಎರಕದ ಕಬ್ಬಿಣದ ಆ ತೂಕವೇ ಅವುಗಳ ಬಲ. ನಿಮಗೆ ತೊಡಕಾಗುವುದೂ ಅದೇ ತೂಕ: ನೂರಾರು ಕಿಲೋ ಮೆಟ್ಟಿಲು ಹತ್ತಬೇಕು, ಮೇಲೆ ಮೂರು ಫೇಸಿನ ಮೋಟಾರು. ಅಲ್ಲದೆ ಹಳೆಯ ಲೇತಿನ ಬೆಡ್ ಸವೆಯುವುದು ಚಕ್ಕಿನ ಹತ್ತಿರ, ಕೆಲಸ ಹೆಚ್ಚು ನಡೆಯುವ ಜಾಗದಲ್ಲೇ. ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಹಾಗಾಗಿ ನಿಮಗೆ ಮಿನಿ ಲೇತೇ ಸರಿ. ಸುಮಾರು 40 ಕಿಲೋ ತೂಗುತ್ತದೆ, ಮನೆಯ 230 ವೋಲ್ಟಿನ ಕರೆಂಟು ಸಾಕು.

ಆದರೆ ಅಳತೆ ಎಚ್ಚರದಿಂದ ನೋಡಿ. 180 ಮಿಲಿಮೀಟರ್ ಎಂದು ಬರೆದಿರುವುದು ಬೆಡ್ ಮೇಲೆ ತಿರುಗಬಲ್ಲ ವ್ಯಾಸ. ಕ್ರಾಸ್ ಸ್ಲೈಡ್ ಮೇಲೆ ಸುಮಾರು 110 ಮಾತ್ರ ಉಳಿಯುತ್ತದೆ. ನಿಮ್ಮ ಫ್ಲೈವೀಲ್ ಎಷ್ಟು ದೊಡ್ಡದೆಂದು ಮೊದಲೇ ಚಿತ್ರ ಬರೆದುಕೊಳ್ಳಿ.

ಕೊಳ್ಳುವಾಗ ಮುಖ್ಯವಾಗಿ ನೋಡಬೇಕಾದವು ಬೆಡ್ ಮತ್ತು ಸ್ಪಿಂಡಲ್. ಉಳಿದುದನ್ನೆಲ್ಲ ಬದಲಿಸಬಹುದು, ತಿದ್ದಬಹುದು. ಒಂದು ಡಯಲ್ ಗೇಜ್ ಕೊಂಡೊಯ್ಯಿರಿ. ಚಕ್ ಬಿಚ್ಚಿಸಿ, ಸ್ಪಿಂಡಲ್ಲಿನ ಒಳಗಿನ ಟೇಪರಿಗೆ ಗೇಜಿನ ಮುಳ್ಳು ತಾಗಿಸಿ ಕೈಯಿಂದ ತಿರುಗಿಸಿ. 0.01 ಮಿಲಿಮೀಟರಿಗಿಂತ ಹೆಚ್ಚು ಅಲುಗಿದರೆ ಬೇರೆಯದನ್ನು ಕೇಳಿ. ಮೂರು ದವಡೆಯ ಚಕ್ಕಿನಲ್ಲಿ 0.05 ಕಂಡರೆ ಗಾಬರಿ ಬೇಡ, ಅದು ಚಕ್ಕಿನ ಸಹಜ ಗುಣ. ಅಂಗಡಿಯವರು ಕೆಲಸ ಮಾಡಿ ತೋರಿಸಲು ಒಪ್ಪಿದರೆ, 25 ಮಿಲಿಮೀಟರ್ ಸಲಾಕೆಯನ್ನು ಚಕ್ಕಿನಿಂದ ನಾಲ್ಕು ಅಂಗುಲ ಹೊರಚಾಚಿ, ಟೇಲ್‌ಸ್ಟಾಕ್ ಆಸರೆಯಿಲ್ಲದೆ ತೆಳ್ಳಗೆ ಕೊರೆಸಿ. ಎರಡೂ ತುದಿಯನ್ನು ಮೈಕ್ರೋಮೀಟರಿನಿಂದ ಅಳೆದರೆ ಯಂತ್ರದ ಸತ್ಯ ತಿಳಿಯುತ್ತದೆ.

ಮೋಟಾರಿನ ಬಗೆಗೂ ವಿಚಾರಿಸಿ. ಆ ಸಲಾಕೆ ಮೈಲ್ಡ್ ಸ್ಟೀಲಿನದಾದರೆ ನಿಮಿಷಕ್ಕೆ ಸುಮಾರು 320 ಸುತ್ತು ಬೇಕು, ಸ್ಕ್ರೂ ಥ್ರೆಡ್ ಕತ್ತರಿಸಲು ಅದಕ್ಕಿಂತ ತುಂಬ ಕಡಿಮೆ. ಮಿನಿ ಲೇತ್‌ಗಳ ಮೋಟಾರು ಬಲ ಕಳೆದುಕೊಳ್ಳುವುದು ಈ ನಿಧಾನದಲ್ಲೇ. ಸ್ಪೀಡ್ ಕಂಟ್ರೋಲ್ ಬೋರ್ಡು ಸುಟ್ಟರೆ ಬದಲಿ ಬೋರ್ಡು ಚೆನ್ನೈನಲ್ಲೇ ಸಿಗುವಂತಿರಲಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಆ ಯಂತ್ರ ಬೇಡ.

ಹಣವನ್ನೆಲ್ಲ ಲೇತಿಗೇ ಸುರಿಯಬೇಡಿ. ನಾಲ್ಕು ದವಡೆಯ ಚಕ್, ಡ್ರಿಲ್ ಚಕ್, ಮೈಕ್ರೋಮೀಟರ್, ಬೆಂಚ್ ಗ್ರೈಂಡರ್ ಬೇಕೇ ಬೇಕು. ಟೂಲ್ ಹೈಸ್ಪೀಡ್ ಸ್ಟೀಲಿನದೇ ಇರಲಿ. ಅದನ್ನು ನೀವೇ ಸಾಣೆ ಹಿಡಿಯುವುದು ಕಲಿತರೆ ಹಗುರ ಯಂತ್ರವೂ ನುಣುಪಾಗಿ ಕೊರೆಯುತ್ತದೆ. ಮೊದಲು ಹಿತ್ತಾಳೆಯಲ್ಲಿ ಕೈ ಪಳಗಿಸಿ. ಕನ್ನಡಕ ಹಾಕದೆ, ಚಕ್ ಕೀಲಿ ತೆಗೆಯದೆ ಸ್ವಿಚ್ ಮುಟ್ಟಲೇಬೇಡಿ.

ಸಮುದ್ರ ಅಷ್ಟು ಹತ್ತಿರವಿರುವುದರಿಂದ ಉಪ್ಪುಗಾಳಿಗೆ ಬೆಡ್ ಬೇಗ ತುಕ್ಕು ಹಿಡಿಯುತ್ತದೆ. ದಿನದ ಕೆಲಸ ಮುಗಿದ ಮೇಲೆ ಚೂರು ಗುಡಿಸಿ, ಎಣ್ಣೆ ಸವರಿ, ಹತ್ತಿಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಬೇಡ, ಒಳಗೆ ತೇವ ನಿಲ್ಲುತ್ತದೆ.